ವಸತಿ ಈಜುಕೊಳದ ಡೆಕ್: ಸ್ವಚ್ಛತೆ ಮತ್ತು ನಿರ್ವಹಣೆ ಕುರಿತು ಸಾರ್ವಜನಿಕ ಮಾಹಿತಿ

ಮನೆಯ ಆವರಣದಲ್ಲಾಗಲಿ, ಬಹುಮಹಡಿ ವಸತಿ ಸಮುಚ್ಚಯದಲ್ಲಾಗಲಿ ಈಜುಕೊಳದ ಅಂಚಿನಿಂದ ಹೊರಕ್ಕೆ ನಾಲ್ಕೂ ಕಡೆ ಹಾಸಿರುವ ನೆಲಗಟ್ಟನ್ನು ಬಳಕೆಯಲ್ಲಿ ಡೆಕ್ ಎಂದು ಕರೆಯಲಾಗುತ್ತದೆ. ಕೊಳದ ನೀರಿನ ಶುದ್ಧತೆಯ ಬಗ್ಗೆ ನಿವಾಸಿಗಳು ಸಾಕಷ್ಟು ಕಾಳಜಿ ವಹಿಸುತ್ತಾರೆ. ಡೆಕ್‌ನ ವಿಷಯದಲ್ಲಿ ಮಾತ್ರ ದಿನಕ್ಕೊಮ್ಮೆ ಗುಡಿಸಿದರೆ ಸಾಕು ಎಂಬ ಭಾವನೆ ಇದೆ. ಬರಿಗಾಲು, ಒದ್ದೆ ಮೈ, ಓಡಾಡುವ ಮಕ್ಕಳು, ಹತ್ತಿರದಲ್ಲೇ ಹಾದುಹೋಗುವ ವಿದ್ಯುತ್ ತಂತಿ, ಇವೆಲ್ಲವೂ ಒಂದೆಡೆ ಸೇರುವ ಸ್ಥಳ ಇದಾಗಿರುವುದರಿಂದ ಮನೆಯ ಬೇರಾವ ನೆಲಕ್ಕೂ ಇಲ್ಲದಷ್ಟು ಎಚ್ಚರಿಕೆ ಇಲ್ಲಿ ಅವಶ್ಯವಿರುತ್ತದೆ.

ಡೆಕ್‌ಗೆ ಸಂಬಂಧಿಸಿದ ಬಹುತೇಕ ತೊಂದರೆಗಳ ಮೂಲ ಒಂದೇ ಆಗಿದ್ದು, ಅದು ಹರಿದುಹೋಗದೆ ನಿಂತ ನೀರು. ಜಾರುವಿಕೆ, ಕಲ್ಲಿನ ಕಪ್ಪು ಕಲೆ, ಸಂದುಗಳ ಬಿರುಕು, ಸೊಳ್ಳೆಗಳ ಉತ್ಪತ್ತಿ ಮತ್ತು ವಿದ್ಯುತ್ ಸೋರಿಕೆ ಎಲ್ಲವೂ ಅಲ್ಲಿಂದಲೇ ಆರಂಭವಾಗುತ್ತವೆ. ಆದುದರಿಂದ ತೊಳೆಯುವ ವಿಧಾನವನ್ನು ತಿಳಿಯುವ ಮೊದಲು ನೀರು ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಪರಿಶೀಲಿಸುವುದು ಸೂಕ್ತ.

ವಾಟ ಮತ್ತು ನೀರಿನ ಹರಿವು

ಡೆಕ್‌ನ ವಾಟವು ಕೊಳದ ಕಡೆಗಿರದೆ ಹೊರಗಿನ ಚರಂಡಿಯ ಕಡೆಗೆ ಇರತಕ್ಕದ್ದು. ಸಾಮಾನ್ಯವಾಗಿ 50 ಅಡಿ ಉದ್ದಕ್ಕೆ 1 ಅಡಿ, ಅಂದರೆ ಶೇಕಡ 2ರಷ್ಟು ಇಳಿಜಾರು ಇದ್ದಲ್ಲಿ ನೀರು ತಾನಾಗಿ ಹರಿದುಹೋಗುತ್ತದೆ ಮತ್ತು ನಡೆಯುವವರಿಗೆ ಇಳಿಜಾರಿನ ಅನುಭವವೂ ಆಗುವುದಿಲ್ಲ. ಇದನ್ನು ಪರೀಕ್ಷಿಸಲು ರಸಮಟ್ಟ ಬೇಕೆಂದೇನೂ ಇಲ್ಲ. ಡೆಕ್ ಮೇಲೆ ನಾಲ್ಕು ಬಿಂದಿಗೆ ನೀರು ಸುರಿದು ಅರ್ಧ ಗಂಟೆಯ ನಂತರ ನೋಡಿದಾಗ ನೀರು ಉಳಿದಿರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರೆ ಸಾಕು. ಮುಂದಿನ ಮಳೆಗಾಲದಲ್ಲಿ ಪಾಚಿ ಕಟ್ಟುವುದು, ಕಲ್ಲು ಅಲುಗಾಡುವುದು ಬಹುತೇಕ ಅದೇ ಜಾಗಗಳಲ್ಲಿ. ಅಂತಹ ಕಡೆ ಗಾರೆ ಕೆಲಸದವರಿಂದ ಕಲ್ಲನ್ನು ಎತ್ತಿಸಿ ಪುನಃ ವಾಟ ಕೊಟ್ಟು ಕೂರಿಸುವುದೇ ಸರಿಯಾದ ಪರಿಹಾರ. ವರ್ಷವಿಡೀ ರಾಸಾಯನಿಕಗಳಿಗೆ ಮಾಡುವ ವೆಚ್ಚಕ್ಕೆ ಹೋಲಿಸಿದರೆ ಒಂದು ಬಾರಿಯ ಈ ವೆಚ್ಚ ಹೆಚ್ಚೇನಲ್ಲ.

ಕೊಳದ ಅಂಚುಗಲ್ಲು ಮತ್ತು ಡೆಕ್‌ನ ನಡುವೆ ಬಿಟ್ಟಿರುವ ಸಂದು ಬಿಸಿಲಿಗೆ ಹಿಗ್ಗುವ ಮತ್ತು ತಂಪಿಗೆ ಕುಗ್ಗುವ ಕಲ್ಲಿಗಾಗಿ ಉದ್ದೇಶಪೂರ್ವಕವಾಗಿ ಬಿಟ್ಟಿರುವಂಥದ್ದು. ಇದನ್ನು ಹಿಗ್ಗುವ ಗುಣವುಳ್ಳ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಸೀಲೆಂಟ್‌ನಿಂದ ಮುಚ್ಚಬೇಕೇ ಹೊರತು ಸಿಮೆಂಟಿನಿಂದ ಅಲ್ಲ. ಸಿಮೆಂಟ್ ತುಂಬಿದ ಸಂದು ಮೊದಲ ಬೇಸಿಗೆಯಲ್ಲೇ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಇಳಿದ ನೀರು ಕಲ್ಲಿನ ಕೆಳಗಿನ ಮಣ್ಣನ್ನು ಕುಸಿಯುವಂತೆ ಮಾಡುತ್ತದೆ, ಜೊತೆಗೆ ಕೆಳಗೆ ಹುದುಗಿಸಿರುವ ವಿದ್ಯುತ್ ಕೊಳವೆಗಳನ್ನೂ ತಲುಪುತ್ತದೆ.

ಹಾವಸೆ ಮತ್ತು ಅದರ ನಿವಾರಣೆ

ಒದ್ದೆ ಕಲ್ಲಿನ ಮೇಲೆ ಬೆಳೆಯುವ ಹಸಿರು ಅಥವಾ ಕಪ್ಪು ಬಣ್ಣದ ಲೋಳೆಯ ಪೊರೆಯೇ ಹಾವಸೆ. ಊರಿನ ಕಲ್ಯಾಣಿ, ಕೆರೆಯ ಮೆಟ್ಟಿಲುಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಹಳೆಯ ಕಲ್ಯಾಣಿಗಳ ಮೆಟ್ಟಿಲಿಗೆ ಚಾಣದಿಂದ ಕೆತ್ತಿದ ಒರಟು ಕಲ್ಲು ಬಳಕೆಯಾಗುತ್ತಿತ್ತು. ಈಚಿನ ಮನೆಗಳಲ್ಲಿ ಅಂದಕ್ಕಾಗಿ ನುಣುಪು ಮಾಡಿದ ಕಲ್ಲು ಹಾಸುವುದರಿಂದ ತೆಳುವಾದ ಹಾವಸೆಯೂ ಅಪಾಯಕಾರಿಯಾಗುತ್ತದೆ. ವರ್ಷಕ್ಕೆ 3500 ಮಿ.ಮೀ.ಗೂ ಅಧಿಕ ಮಳೆ ಬೀಳುವ ಮಂಗಳೂರಿನಂತಹ ಕರಾವಳಿ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹಾವಸೆ ತೆಗೆಯಬೇಕಾಗಬಹುದು. ಅದರ ಮೂರನೆಯ ಒಂದು ಭಾಗದಷ್ಟೂ ಮಳೆ ಬೀಳದ ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಸಾಕಾಗಬಹುದು. ನೆರಳಿರುವ ಮೂಲೆಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು.

ತೊಳೆಯುವ ದಿನ ಮೊದಲು ಕಡ್ಡಿಪೊರಕೆಯಿಂದ ಒಣ ಕಸವನ್ನು ಸಂಪೂರ್ಣ ಗುಡಿಸತಕ್ಕದ್ದು. ಒದ್ದೆ ಎಲೆ ಮತ್ತು ಹೂವುಗಳನ್ನು ಎರಡು ದಿನ ಹಾಗೆಯೇ ಬಿಟ್ಟಲ್ಲಿ ಅವುಗಳ ಕಂದು ಬಣ್ಣ ಕಲ್ಲಿಗೆ ಇಳಿಯುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮೈಗೆ ಹಚ್ಚುವ ಬಿಸಿಲುನಿರೋಧಕ ಮುಲಾಮು ಇವುಗಳ ಜಿಡ್ಡಿಗೆ ಸೌಮ್ಯ ಸೋಪಿನ ನೀರು ಸಾಕು. ಜಿಡ್ಡನ್ನು ತೆಗೆಯದೆ ಬ್ಲೀಚಿಂಗ್ ಪೌಡರ್ ಹಾಕುವುದು ವ್ಯರ್ಥ ವೆಚ್ಚ.

ಹಾವಸೆ ನಿವಾರಣೆಗೆ ಶೇಕಡ 33ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರನ್ನು 10 ಲೀಟರ್ ನೀರಿಗೆ 150 ಗ್ರಾಂ ಪ್ರಮಾಣದಲ್ಲಿ ಕದಡಿದರೆ ಶೇಕಡ 0.5ರ ದ್ರಾವಣ ದೊರೆಯುತ್ತದೆ. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸತಕ್ಕದ್ದು. ತಳದಲ್ಲಿ ಉಳಿಯುವ ಸುಣ್ಣವನ್ನು ಡೆಕ್ ಮೇಲೆ ಸುರಿದಲ್ಲಿ ಬಿಳಿ ಕಲೆ ಉಳಿಯುತ್ತದೆ. ತಿಳಿಯನ್ನು ಹರಡಿ 10ರಿಂದ 15 ನಿಮಿಷ ಒಣಗದಂತೆ ನೋಡಿಕೊಂಡು, ನಂತರ ನೈಲಾನ್ ಅಥವಾ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ, ನೀರು ಹಾಕಿ ವೈಪರ್‌ನಿಂದ ಚರಂಡಿಯ ಕಡೆಗೆ ತಳ್ಳಬೇಕು. ಉಕ್ಕಿನ ತಂತಿಯ ಬ್ರಷ್ ಬಳಸಬಾರದು. ಅದರಿಂದ ಉದುರಿದ ಕಬ್ಬಿಣದ ಚೂರುಗಳು ಕಲ್ಲಿನಲ್ಲಿ ಸಿಕ್ಕಿಕೊಂಡು ತುಕ್ಕಿನ ಕಲೆಯಾಗುತ್ತವೆ. ಒತ್ತಡದ ನೀರಿನ ಯಂತ್ರ ಬಳಸುವುದಾದರೆ ಅದರ ಮೂತಿ ನೆಲದಿಂದ ಒಂದು ಅಡಿ ದೂರದಲ್ಲಿರಲಿ. ಸಂದಿಗೆ ನೇರವಾಗಿ ಹಿಡಿದಲ್ಲಿ ಅಲ್ಲಿನ ಗಾರೆಯೇ ಕಿತ್ತುಬರುತ್ತದೆ.

ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಬಿಸಿಲು ಮತ್ತು ತೇವಕ್ಕೆ ಕ್ಲೋರಿನ್ ಕಳೆದುಕೊಂಡು ಕ್ರಮೇಣ ಬರೀ ಸುಣ್ಣದಂತಾಗುತ್ತದೆ. ಅಗ್ಗವೆಂದು ದೊಡ್ಡ ಚೀಲ ಖರೀದಿಸುವ ಸಂಘಗಳು ಆರು ತಿಂಗಳ ನಂತರ ಸುಣ್ಣಕ್ಕೆ ಹಣ ಕೊಟ್ಟಂತಾಗುತ್ತದೆ. ತಯಾರಿಕೆಯ ದಿನಾಂಕ ನೋಡಿ ಸಣ್ಣ ಪೊಟ್ಟಣಗಳನ್ನೇ ಖರೀದಿಸುವುದು ಲಾಭದಾಯಕ.

ಮರದ ಡೆಕ್‌ಗೆ ಬ್ಲೀಚಿಂಗ್ ಪೌಡರ್ ಸಲ್ಲದು. ಅದು ಮರದ ನಾರನ್ನು ಸಡಿಲಗೊಳಿಸುತ್ತದೆ. ಸೌಮ್ಯ ಸೋಪು, ಮೃದು ಬ್ರಷ್, ವರ್ಷಕ್ಕೊಮ್ಮೆ ಮರದ ಎಣ್ಣೆ, ಮೇಲೆದ್ದ ಸ್ಕ್ರೂಗಳನ್ನು ಬಿಗಿಗೊಳಿಸುವುದು ಇಷ್ಟು ಸಾಕು.

ಆ್ಯಸಿಡ್ ಬಳಕೆಯ ಕುರಿತು ವಿಶೇಷ ಎಚ್ಚರಿಕೆ

ಕಲೆ ಕಂಡೊಡನೆ ಆ್ಯಸಿಡ್ ಸುರಿಯುವ ರೂಢಿ ವ್ಯಾಪಕವಾಗಿದೆ. ಡೆಕ್‌ಗಳು ಹಾಳಾಗಲು ಮಳೆ, ಬಿಸಿಲಿಗಿಂತ ಈ ರೂಢಿಯೇ ಹೆಚ್ಚು ಕಾರಣ ಎಂದರೆ ತಪ್ಪಾಗಲಾರದು. ಕಲಬುರಗಿ ಭಾಗದ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇವೆಲ್ಲವೂ ಸುಣ್ಣಕಲ್ಲುಗಳು. ಆ್ಯಸಿಡ್ ಇವುಗಳ ಮೇಲ್ಮೈಯನ್ನು ಕರಗಿಸುತ್ತದೆ. ಮೊದಲ ದಿನ ಕಲ್ಲು ಹೊಸದರಂತೆ ಕಾಣುವುದು ನಿಜ. ಆದರೆ ಕರಗಿದ ಮೇಲ್ಮೈಯಲ್ಲಿ ಉಂಟಾದ ಸಣ್ಣ ಗುಳಿಗಳಲ್ಲಿ ತೇವ ನಿಂತು ಹಾವಸೆ ಹಿಂದಿಗಿಂತ ಬೇಗ ಮರಳುತ್ತದೆ. ಆಗ ಪುನಃ ಆ್ಯಸಿಡ್ ಸುರಿಯಲಾಗುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾದರಹಳ್ಳಿ ಕಲ್ಲಿನಂತಹ ಗ್ರಾನೈಟ್‌ಗಳು ಆ್ಯಸಿಡ್‌ಗೆ ಸುಲಭವಾಗಿ ಕರಗುವುದಿಲ್ಲ. ಹಾಗಿದ್ದರೂ ಅವುಗಳ ನಡುವಿನ ಸಿಮೆಂಟ್ ಸಂದು ಕರಗುತ್ತದೆ, ಕಲ್ಲಿನೊಳಗಿನ ಕಬ್ಬಿಣದ ಅಂಶ ಹೊರಬಂದು ಹಳದಿ ಕಲೆಯೂ ಉಂಟಾಗುತ್ತದೆ.

ತಮ್ಮ ಡೆಕ್ ಯಾವ ಕಲ್ಲಿನದೆಂದು ತಿಳಿಯದವರು ಮೂಲೆಯ ಕಲ್ಲೊಂದನ್ನು ಸ್ವಲ್ಪ ಕೆರೆದು, ಅಲ್ಲಿ ನಿಂಬೆರಸದ ಒಂದು ಹನಿ ಹಾಕಿ ಗಮನಿಸಬಹುದು. ಸಣ್ಣ ನೊರೆ ಎದ್ದರೆ ಅಥವಾ ಹನಿ ಬಿದ್ದ ಜಾಗ ಮಂಕಾದರೆ ಅದು ಸುಣ್ಣಕಲ್ಲು. ಗಡಸು ಬೋರ್‌ವೆಲ್ ನೀರಿನಿಂದ ಕಟ್ಟುವ ಬಿಳಿ ಪೊರೆಯನ್ನು ಇಂತಹ ಕಲ್ಲಿನಿಂದ ಒಣ ಬ್ರಷ್‌ನಿಂದಲೇ ತೆಗೆಯತಕ್ಕದ್ದು. ಹುಣಸೆಹಣ್ಣು, ನಿಂಬೆ, ವಿನಿಗರ್ ಇವೂ ಹುಳಿ ಪದಾರ್ಥಗಳೇ ಆಗಿರುವುದರಿಂದ ಹಿತ್ತಾಳೆ ಪಾತ್ರೆಗೆ ಸಲ್ಲುವುದು ಇಲ್ಲಿ ಸಲ್ಲದು.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದೊಡನೆ ಕ್ಲೋರಿನ್ ಅನಿಲ ಹೊರಬರುತ್ತದೆ. ಈ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ, ವಿಶೇಷವಾಗಿ ನೆಲಮಾಳಿಗೆಯ ಪಂಪ್ ಕೊಠಡಿಗಳಲ್ಲಿ ಶೇಖರವಾಗುತ್ತದೆ. ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಹಾಕಿದ ನೆಲಕ್ಕೆ ಸರಿಯಾಗಿ ತೊಳೆಯದೆ ಮಧ್ಯಾಹ್ನ ಆ್ಯಸಿಡ್ ಹಾಕಿದರೂ ಇದೇ ಪರಿಣಾಮ. ಕೊಳದ ನೀರಿಗೆ ಬಳಸುವ ಟ್ರೈಕ್ಲೋರ್ ಮಾತ್ರೆಗಳನ್ನು ಬ್ಲೀಚಿಂಗ್ ಪೌಡರ್‌ನೊಡನೆ ಬೆರೆಸಿದಲ್ಲಿ ಬೆಂಕಿ ಅಥವಾ ಸ್ಫೋಟ ಸಂಭವಿಸಬಹುದು. ಒಂದಕ್ಕೆ ಬಳಸಿದ ಸೌಟನ್ನು ಇನ್ನೊಂದಕ್ಕೆ ಬಳಸುವುದೂ ಅಪಾಯ. ಇವುಗಳನ್ನು ಬೇರೆ ಬೇರೆ ಕೊಠಡಿಯಲ್ಲಿ, ನೆಲದಿಂದ ಮೇಲೆ, ಒಣ ಜಾಗದಲ್ಲಿ ಇರಿಸತಕ್ಕದ್ದು.

ಈ ರಾಸಾಯನಿಕಗಳನ್ನು ಕೈಯಿಂದ ಮುಟ್ಟುವವರು ಸಂಘದ ಪದಾಧಿಕಾರಿಗಳಲ್ಲ, ಬಹುತೇಕ ಕಡೆ ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ. ಡಬ್ಬದ ಮೇಲಿನ ಎಚ್ಚರಿಕೆ ಅನೇಕ ವೇಳೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಅವರಿಗೆ ಓದಲು ಬರುವ ಭಾಷೆಯಲ್ಲಿ ದೊಡ್ಡ ಅಕ್ಷರದ ಚೀಟಿ ಅಂಟಿಸುವುದು, ರಬ್ಬರ್ ಕೈಗವಸು, ಗಮ್‌ಬೂಟು, ಕಣ್ಣಿನ ರಕ್ಷಣೆಗೆ ಕನ್ನಡಕ ಒದಗಿಸುವುದು ಕೆಲಸ ಮಾಡಿಸುವವರ ಹೊಣೆ. ಅನಿಲದ ಘಾಟು ಬಂದಲ್ಲಿ ಎಲ್ಲರೂ ಕೂಡಲೇ ತೆರೆದ, ಎತ್ತರದ ಜಾಗಕ್ಕೆ ಹೋಗಬೇಕು. ಒಳಗೆ ಸಿಲುಕಿದವರಿಗಾಗಿ ರಕ್ಷಣಾ ಸಾಧನವಿಲ್ಲದೆ ಪಂಪ್ ಕೊಠಡಿಗೆ ಇಳಿಯಬಾರದು. ಕಣ್ಣಿಗೆ ರಾಸಾಯನಿಕ ಬಿದ್ದಲ್ಲಿ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ವಿದ್ಯುತ್ ಸುರಕ್ಷತೆ

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ವಸತಿ ಸಮುಚ್ಚಯವೊಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಮೃತಪಟ್ಟಳು. ವಿದ್ಯುತ್ ಆಘಾತವೇ ಕಾರಣವೆಂಬ ಆರೋಪದ ಮೇಲೆ ತನಿಖೆ ನಡೆದು, 2024ರ ಫೆಬ್ರವರಿಯಲ್ಲಿ ನಿರ್ಲಕ್ಷ್ಯದ ಆರೋಪದಡಿ ಸಂಘದ ಪದಾಧಿಕಾರಿಯೂ ಸೇರಿದಂತೆ ನಿರ್ವಹಣೆಗೆ ಸಂಬಂಧಿಸಿದವರನ್ನು ಪೊಲೀಸರು ಬಂಧಿಸಿದರು. ನಿರ್ವಹಣೆ ಗುತ್ತಿಗೆದಾರನ ಕೆಲಸ, ಸಂಘಕ್ಕೆ ಸಂಬಂಧವಿಲ್ಲ ಎಂದು ಭಾವಿಸಿರುವವರು ಇದನ್ನು ಗಮನಿಸಬೇಕಾಗಿದೆ.

ಡೆಕ್‌ನ ಕೆಳಗೆ ನೀರೊಳಗಿನ ದೀಪಗಳ, ಅಂಚಿನ ತೋಟದೀಪಗಳ ಮತ್ತು ಪಂಪ್‌ನ ತಂತಿಗಳು ಹಾದುಹೋಗಿರುತ್ತವೆ. ಸಂದಿನ ಬಿರುಕಿನಿಂದ ಇಳಿದ ನೀರು ತಂತಿಯ ಜೋಡಣೆಯನ್ನು ತಲುಪಿದಲ್ಲಿ ಇಡೀ ಒದ್ದೆ ನೆಲಕ್ಕೆ ವಿದ್ಯುತ್ ಹರಿಯಬಹುದು. ಒದ್ದೆ ಚರ್ಮದ ವಿದ್ಯುತ್ ಪ್ರತಿರೋಧ ಬಹಳ ಕಡಿಮೆ ಇರುವುದರಿಂದ ಒಣ ನೆಲದ ಮೇಲೆ ಬರೀ ಜುಮ್ಮೆನ್ನಿಸುವ ಸೋರಿಕೆ ಇಲ್ಲಿ ಪ್ರಾಣಾಂತಿಕವಾಗುತ್ತದೆ. ನೀರೊಳಗಿನ ದೀಪಗಳು 12 ವೋಲ್ಟ್‌ನವಾಗಿದ್ದು, ಅವುಗಳ ಟ್ರಾನ್ಸ್‌ಫಾರ್ಮರ್ ನೀರಿನಿಂದ ದೂರ, ಒಣ ಜಾಗದಲ್ಲಿರಬೇಕು. ಕೊಳದ ಎಲ್ಲ ಸಂಪರ್ಕಗಳಿಗೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿರಬೇಕು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಅರ್ಧ ನಿಮಿಷದ ಕೆಲಸ. ಗುಂಡಿ ಒತ್ತಿದಾಗ ವಿದ್ಯುತ್ ಕಡಿತಗೊಳ್ಳದಿದ್ದಲ್ಲಿ ಸಾಧನ ಕೆಟ್ಟಿದೆ ಎಂದರ್ಥ. ಬದಲಿಸುವವರೆಗೆ ಕೊಳವನ್ನು ಮುಚ್ಚತಕ್ಕದ್ದು. ಏಣಿ, ಕೈಪಿಡಿ ಕಂಬಿಗಳಂತಹ ಲೋಹದ ಭಾಗಗಳೆಲ್ಲವೂ ಪರಸ್ಪರ ತಂತಿಯಿಂದ ಜೋಡಿಸಲ್ಪಟ್ಟು ಭೂಸಂಪರ್ಕ ಹೊಂದಿರಬೇಕು.

ಡೆಕ್ ತೊಳೆಯುವಾಗ ಮನೆಯೊಳಗಿನಿಂದ ಎಳೆದ ಎಕ್ಸ್‌ಟೆನ್ಷನ್ ಬಾಕ್ಸನ್ನು ಒದ್ದೆ ನೆಲದ ಮೇಲಿಡುವ ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸತಕ್ಕದ್ದು. ಯಾರಿಗಾದರೂ ವಿದ್ಯುತ್ ತಗುಲಿದಲ್ಲಿ ಮೊದಲು ಮುಖ್ಯ ಸ್ವಿಚ್ ಆರಿಸಬೇಕು. ಅದಕ್ಕೂ ಮುನ್ನ ಮುಟ್ಟುವುದಾಗಲಿ, ನೀರಿಗೆ ಧುಮುಕುವುದಾಗಲಿ ಕೂಡದು. ಮುಖ್ಯ ಸ್ವಿಚ್ ಎಲ್ಲಿದೆ ಎಂಬುದು ಭದ್ರತಾ ಸಿಬ್ಬಂದಿಗೂ ತಿಳಿದಿರಲಿ. ಮೇಲ್ಕಂಡ ಕೆಲಸಗಳನ್ನು ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರಿಂದ ಮಾತ್ರ ಮಾಡಿಸಿ, ಪರವಾನಗಿಯ ಪ್ರತಿಯನ್ನು ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.

ಹೊಸ ಟೈಲ್ಸ್ ಖರೀದಿ ಮತ್ತು ಆಳದ ಗುರುತು

ಅಂಗಡಿಗಳಲ್ಲಿ ಜಾರದ ಟೈಲ್ಸ್ ಎಂದು ತೋರಿಸುವಾಗ ಹೇಳುವ ಆರ್ 10, ಆರ್ 11 ಮುಂತಾದ ಸಂಖ್ಯೆಗಳು ಪಾದರಕ್ಷೆ ಧರಿಸಿದ ಕಾಲಿಗೆ ಸಂಬಂಧಿಸಿದವು. ಒದ್ದೆ ಬರಿಗಾಲಿಗೆ ಜರ್ಮನಿಯ ಡಿಐಎನ್ 51097 ಮಾನಕದ ಎ, ಬಿ, ಸಿ ವರ್ಗಗಳಿವೆ. ಡೆಕ್‌ಗೆ ಬಿ ವರ್ಗ, ನೀರಿಗಿಳಿಯುವ ಮೆಟ್ಟಿಲಿಗೆ ಸಿ ವರ್ಗ ಕೇಳಿ ಪಡೆಯತಕ್ಕದ್ದು. ಗ್ರಾನೈಟ್ ಆದಲ್ಲಿ ಪಾಲಿಶ್ ಮಾಡಿದ್ದರ ಬದಲು ಬೆಂಕಿಯಿಂದ ಒರಟು ಮಾಡಿದ ಫ್ಲೇಮ್ ಫಿನಿಶ್ ಕಲ್ಲು ಸೂಕ್ತ. ಹೊಳಪು ಬರಿಸುವ ವಾರ್ನಿಶ್ ಮಾದರಿಯ ಲೇಪನ ಯಾವ ಡೆಕ್‌ಗೂ ಬೇಡ.

ಅಂಚಿನ ಆಳದ ಸಂಖ್ಯೆಗಳು ಉಜ್ಜಿ ಉಜ್ಜಿ ಅಳಿಸಿಹೋಗುತ್ತವೆ. 2024ರ ನವೆಂಬರ್‌ನಲ್ಲಿ ಉಳ್ಳಾಲ ಸಮೀಪದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಆಳದ ಗುರುತು ಅಲಂಕಾರವಲ್ಲ; ವರ್ಷಕ್ಕೊಮ್ಮೆ ಕನ್ನಡ ಅಂಕಿ ಅಥವಾ ಎಲ್ಲರೂ ಓದಬಲ್ಲ ಅಂಕಿಗಳಲ್ಲಿ ಪುನಃ ಬರೆಯಿಸತಕ್ಕದ್ದು.

ನೀರಿನ ಬಳಕೆ ಮತ್ತು ತೊಳೆದ ನೀರಿನ ವಿಲೇವಾರಿ

ನಿಮಿಷಕ್ಕೆ 15 ಲೀಟರ್ ಹರಿಯುವ ಪೈಪನ್ನು 40 ನಿಮಿಷ ಬಿಟ್ಟಲ್ಲಿ 600 ಲೀಟರ್ ನೀರು ವೆಚ್ಚವಾಗುತ್ತದೆ. ಅದೇ ಡೆಕ್ ಅನ್ನು ಮೊದಲು ಗುಡಿಸಿ, ಬಕೆಟ್ ಮತ್ತು ವೈಪರ್‌ನಿಂದ ತೊಳೆದಲ್ಲಿ ಇದರ ಸಣ್ಣ ಭಾಗ ಸಾಕು. 2024ರ ಮಾರ್ಚ್‌ನಲ್ಲಿ ತೀವ್ರ ನೀರಿನ ಅಭಾವ ಉಂಟಾದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5000 ರೂಪಾಯಿ ದಂಡ ನಿಗದಿಪಡಿಸಿತ್ತು. 2025ರ ಫೆಬ್ರವರಿಯಲ್ಲಿ ವಾಹನ ತೊಳೆಯುವುದು ಮುಂತಾದವುಗಳಿಗೆ ಕುಡಿಯುವ ನೀರು ಬಳಸದಂತೆ ಮತ್ತೊಮ್ಮೆ ಆದೇಶ ಹೊರಡಿಸಲಾಯಿತು. ಬೇಸಿಗೆಯ ಆರಂಭದಲ್ಲಿ ಆ ವರ್ಷದ ಆದೇಶವನ್ನು ತಿಳಿದುಕೊಂಡು ಮುಂದುವರಿಯುವುದು ಒಳಿತು. 2009ರ ತಿದ್ದುಪಡಿಯಂತೆ ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದ್ದು, ಆ ನೀರನ್ನು ಡೆಕ್ ತೊಳೆಯಲು ಬಳಸಬಹುದಾಗಿದೆ. ಕೊಳಚೆ ನೀರು ಸಂಸ್ಕರಣಾ ಘಟಕದ ನೀರು ತೋಟಕ್ಕೆ ಸರಿ. ಮಕ್ಕಳು ಬರಿಗಾಲಿನಲ್ಲಿ ಓಡಾಡುವ ನೆಲಕ್ಕೆ ಅದನ್ನು ಬಳಸದಿರುವುದು ಲೇಸು.

ಕ್ಲೋರಿನ್ ಬೆರೆತ ನೀರನ್ನು ಮಳೆನೀರಿನ ಚರಂಡಿಗೆ ಬಿಡಬಾರದು. ಅಲ್ಲಿಂದ ಅದು ರಾಜಕಾಲುವೆಯ ಮೂಲಕ ಕೆರೆ ಸೇರಿ ಮೀನುಗಳಿಗೆ ಮಾರಕವಾಗುತ್ತದೆ. ಸಂಸ್ಕರಣಾ ಘಟಕಕ್ಕೆ ಒಮ್ಮೆಲೇ ಬಿಟ್ಟಲ್ಲಿ ಅಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮೇಲೆ ತಿಳಿಸಿದ ಪ್ರಮಾಣವನ್ನು ಮೀರದೆ ತಯಾರಿಸಿ, ಸಾಕಷ್ಟು ನೀರಿನಿಂದ ತಿಳಿಗೊಳಿಸಿ, ಸ್ವಲ್ಪ ಸ್ವಲ್ಪವಾಗಿ ಒಳಚರಂಡಿಗೆ ಬಿಡತಕ್ಕದ್ದು.

ಡೆಕ್ ಅಂಚಿನ ಜಾಲರಿಯ ಕೆಳಗಿನ ಚರಂಡಿ, ಕುರ್ಚಿಗಳ ಟೊಳ್ಳು ಕಾಲು, ಹೂಕುಂಡಗಳ ತಟ್ಟೆ ಇವುಗಳಲ್ಲಿ ನಿಲ್ಲುವ ನೀರಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕಾದುದರಿಂದ ವಾರಕ್ಕೊಮ್ಮೆ ಜಾಲರಿ ಎತ್ತಿ ಒಣಗಿಸುವುದು ಅವಶ್ಯ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡ ನಿಗದಿಪಡಿಸಿತು.

ದಾಖಲೆ ಮತ್ತು ದೂರು

ವಸತಿ ಸಮುಚ್ಚಯಗಳಲ್ಲಿ ಈಜುಕೊಳ ಮತ್ತು ಡೆಕ್ ಸಾಮಾನ್ಯವಾಗಿ ಎಲ್ಲ ನಿವಾಸಿಗಳ ಸಾಮಾನ್ಯ ಪ್ರದೇಶಕ್ಕೆ ಸೇರಿದವುಗಳಾಗಿದ್ದು, ನಿರ್ವಹಣೆಯ ಹೊಣೆ ಸಂಘದ ಮೇಲಿರುತ್ತದೆ. ತೊಳೆದ ದಿನಾಂಕ, ಬಳಸಿದ ರಾಸಾಯನಿಕ ಮತ್ತು ಪ್ರಮಾಣ, ಆರ್‌ಸಿಸಿಬಿ ಪರೀಕ್ಷೆಯ ಫಲಿತಾಂಶ, ದುರಸ್ತಿಯ ವಿವರ ಮತ್ತು ಸಹಿ ಇರುವ ಒಂದು ವಹಿಯನ್ನು ನಿರ್ವಹಿಸತಕ್ಕದ್ದು. ತಿಂಗಳ ಕೊನೆಯಲ್ಲಿ ಒಂದೇ ಕೂರಿಕೆಯಲ್ಲಿ ಭರ್ತಿ ಮಾಡಿದ ವಹಿ ಯಾರಿಗೂ ಉಪಯೋಗವಿಲ್ಲ. ಯಾವುದೇ ನಿವಾಸಿ ಕೇಳಿದಲ್ಲಿ ವಹಿಯನ್ನು ತೋರಿಸುವ ಪದ್ಧತಿ ಇರಲಿ. ತೊಳೆಯುವ ದಿನ ಫಲಕ ಹಾಕಿ, ನೆಲ ಪೂರ್ಣ ಒಣಗುವವರೆಗೆ ಮಕ್ಕಳನ್ನು ಒಳಬಿಡಬಾರದು.

ವಿದ್ಯುತ್ ಸೋರಿಕೆಯ ಅನುಮಾನವಿದ್ದಲ್ಲಿ ಬೆಸ್ಕಾಂ ವ್ಯಾಪ್ತಿಯ ಗ್ರಾಹಕರು 1912 ಸಂಖ್ಯೆಗೂ, ನೀರು ಮತ್ತು ಒಳಚರಂಡಿ ಕುರಿತ ದೂರುಗಳಿಗೆ ಬೆಂಗಳೂರಿನ ನಾಗರಿಕರು ಜಲಮಂಡಳಿಯ 1916 ಸಂಖ್ಯೆಗೂ ಕರೆ ಮಾಡಬಹುದು. ಸೊಳ್ಳೆ ನಿಯಂತ್ರಣ ಕುರಿತ ದೂರುಗಳನ್ನು ಆಯಾ ನಗರ ಸ್ಥಳೀಯ ಸಂಸ್ಥೆಗೆ ಸಲ್ಲಿಸತಕ್ಕದ್ದು. ಬೆಂಗಳೂರಿನಲ್ಲಿ 2025ರಿಂದ ಐದು ನಗರ ಪಾಲಿಕೆಗಳಿರುವುದರಿಂದ ಅರ್ಜಿಯಲ್ಲಿ ತಮ್ಮ ಪಾಲಿಕೆಯ ಹೆಸರು ಮತ್ತು ವಾರ್ಡನ್ನು ನಮೂದಿಸುವುದು ಅವಶ್ಯ. ಅಪಘಾತ ಸಂಭವಿಸಿದಲ್ಲಿ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗಳಿಗೆ ಕರೆ ಮಾಡಲು ಕೋರಲಾಗಿದೆ. ಈ ಸಂಖ್ಯೆಗಳನ್ನೂ, ಮುಖ್ಯ ಸ್ವಿಚ್ ಇರುವ ಸ್ಥಳವನ್ನೂ ಕೊಳದ ಬಾಗಿಲ ಬಳಿ ಕನ್ನಡದಲ್ಲಿ ಬರೆಯಿಸಿ ಹಾಕತಕ್ಕದ್ದು.